ನೀರಿನ ಮಟ್ಟ, ನೆಲದ ಆಯುಷ್ಯ: ತಗ್ಗು ಪ್ರದೇಶದ ಪೀಟ್ ಕೃಷಿ ಭೂಮಿಗಳ ನಿರ್ವಹಣೆ

(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)

ಜೌಗು ನೆಲದಲ್ಲಿ ನಿಂತ ನೀರನ್ನು ಬಸಿದು ಹೊರಹಾಕಿದರೆ ಒಳ್ಳೆಯ ಬೆಳೆ ತೆಗೆಯಬಹುದೆಂಬುದು ಕೃಷಿಕರೆಲ್ಲರೂ ಬಲ್ಲ ಸಂಗತಿ. ಆದರೆ ಕೆಲವು ಬಗೆಯ ಮಣ್ಣುಗಳಲ್ಲಿ ನೀರನ್ನು ಬಸಿಯತೊಡಗಿದ ದಿನದಿಂದಲೇ ನೆಲವೂ ಕಡಿಮೆಯಾಗತೊಡಗುತ್ತದೆ. ಅದು ಮಳೆಯಲ್ಲಿ ಕೊಚ್ಚಿ ಹೋಗುವ ಸವಕಳಿಯಲ್ಲ. ಮಣ್ಣೇ ಗಾಳಿಯಲ್ಲಿ ಕರಗಿ ಹೋಗುವ ಕ್ರಿಯೆ. ಇಂತಹ ಮಣ್ಣಿಗೆ ಪೀಟ್ ಎಂದು ಹೆಸರು. ಪೀಟ್ ನೆಲದಲ್ಲಿ ನೀರಿನ ಮಟ್ಟವನ್ನು ಎಷ್ಟು ಆಳಕ್ಕೆ ಇಳಿಸಬೇಕೆಂಬ ತೀರ್ಮಾನವು ಆ ನೆಲ ಇನ್ನೆಷ್ಟು ತಲೆಮಾರು ಬಾಳುತ್ತದೆ ಎಂಬ ತೀರ್ಮಾನವೂ ಆಗಿರುತ್ತದೆ.

ಇಂಗ್ಲೆಂಡಿನ ಪೂರ್ವ ಭಾಗದ ಫೆನ್ಸ್ ಪ್ರದೇಶದ ಸುಮಾರು 400 ವರ್ಷಗಳ ಅನುಭವವನ್ನು ಮುಖ್ಯ ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ. ನೆದರ್ಲೆಂಡ್ಸ್ ಹಾಗೂ ಕೇರಳದ ಕುಟ್ಟನಾಡಿನ ಸಂಗತಿಗಳನ್ನೂ ಅಗತ್ಯವಿದ್ದಷ್ಟು ಸೇರಿಸಲಾಗಿದೆ. ಈ ಮೂರೂ ಕಡೆ ನೀರಿನ ನಿರ್ವಹಣೆಯ ಹೊಣೆಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಹಿರಿದಾದ ಪಾಲಿರುವುದರಿಂದ ಗ್ರಾಮ ಪಂಚಾಯಿತಿ ಸದಸ್ಯರಿಗೆ ಈ ವಿಷಯ ಪ್ರಸ್ತುತವಾಗಿದೆ.

ಪೀಟ್ ಎಂದರೇನು?

ನರ್ಸರಿಗಳಲ್ಲಿ ಬಳಸುವ ಕೊಕೊಪೀಟ್ ಎಂಬ ತೆಂಗಿನ ನಾರಿನ ಪುಡಿ ಸದಸ್ಯರಿಗೆ ಪರಿಚಿತವೇ. ನಿಜವಾದ ಪೀಟ್‌ಗೆ ಬದಲಿಯಾಗಿ ಬಂದದ್ದರಿಂದಲೇ ಅದಕ್ಕೆ ಆ ಹೆಸರು. ಸದಾ ನೀರು ನಿಂತಿರುವ ತಗ್ಗಿನಲ್ಲಿ ಹುಲ್ಲು, ಜೊಂಡು, ಪಾಚಿ, ಮರದ ತೊಗಟೆ ಮುಂತಾದವು ಸತ್ತು ಬಿದ್ದಾಗ ನೀರಿನಡಿಯಲ್ಲಿ ಅವುಗಳಿಗೆ ಆಮ್ಲಜನಕ ದೊರೆಯುವುದಿಲ್ಲ. ಆಮ್ಲಜನಕವಿಲ್ಲದೆ ಸೂಕ್ಷ್ಮಾಣುಜೀವಿಗಳು ಅವನ್ನು ಪೂರ್ಣವಾಗಿ ಕೊಳೆಸಲಾರವು. ಹೀಗೆ ಅರೆ ಕೊಳೆತ ಸಸ್ಯಾಂಶವು ವರ್ಷದಿಂದ ವರ್ಷಕ್ಕೆ ಪದರಪದರವಾಗಿ ಸೇರಿ ಕಪ್ಪನೆಯ, ಹಗುರವಾದ, ಸ್ಪಂಜಿನಂತಹ ಮಣ್ಣಾಗುತ್ತದೆ.

ಈ ಶೇಖರಣೆ ಬಹು ನಿಧಾನವಾದುದು. ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಎಂದು ಹಿಡಿದರೆ 1 ಮೀಟರ್ ದಪ್ಪದ ಪದರ ಕೂಡಲು ಸುಮಾರು 1,000 ವರ್ಷ ಬೇಕು. ಶುದ್ಧ ಪೀಟ್‌ನ ಒಣ ತೂಕದಲ್ಲಿ ಅರ್ಧದಷ್ಟು ಇಂಗಾಲವೇ ಇರುತ್ತದೆ. ನಮ್ಮಲ್ಲಿ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸಾವಯವ ಇಂಗಾಲವು ಶೇ. 0.5ಕ್ಕಿಂತ ಕಡಿಮೆಯಿದ್ದರೆ ಕಡಿಮೆ ಎಂದೂ, ಶೇ. 0.75ಕ್ಕಿಂತ ಹೆಚ್ಚಿದ್ದರೆ ಅಧಿಕ ಎಂದೂ ನಮೂದಿಸುವುದನ್ನು ನೆನೆದರೆ ಈ ವ್ಯತ್ಯಾಸದ ಅಗಾಧತೆ ಅರಿವಾಗುತ್ತದೆ. ಭೂಮಿಯ ಮೇಲಿನ ನೆಲದಲ್ಲಿ ಪೀಟ್ ಪ್ರದೇಶವಿರುವುದು ಸುಮಾರು ಶೇ. 3ರಷ್ಟು ಮಾತ್ರ. ಆದರೂ ಜಗತ್ತಿನ ಎಲ್ಲ ಅರಣ್ಯಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚಿನ ಇಂಗಾಲ ಈ ನೆಲದಡಿಯಲ್ಲಿ ಅಡಗಿದೆ.

ಫೆನ್ಸ್ ಪ್ರದೇಶದ ಕಥನ

ಕೇಂಬ್ರಿಜ್‌ಶೈರ್, ಲಿಂಕನ್‌ಶೈರ್ ಮತ್ತು ನಾರ್ಫೋಕ್ ಜಿಲ್ಲೆಗಳಲ್ಲಿ ಹರಡಿರುವ ಫೆನ್ಸ್ ಸುಮಾರು 4,000 ಚದರ ಕಿಲೋಮೀಟರ್ ವಿಸ್ತಾರದ ಸಮತಟ್ಟಾದ ತಗ್ಗು ಪ್ರದೇಶ. ಕಡಲಿನ ಬದಿಗೆ ಮೆಕ್ಕಲು ಮಣ್ಣು, ಒಳನಾಡಿನ ಬದಿಗೆ ಕಪ್ಪು ಪೀಟ್ ಮಣ್ಣು. 17ನೆಯ ಶತಮಾನದವರೆಗೆ ಇದರ ಬಹುಭಾಗ ಜೌಗಾಗಿತ್ತು. ಮೀನು, ನೀರುಹಕ್ಕಿ, ಜೊಂಡು ಹುಲ್ಲು ಹಾಗೂ ಬೇಸಿಗೆಯ ಮೇವು ಅಲ್ಲಿನ ಜನರ ಜೀವನಾಧಾರವಾಗಿದ್ದವು.

1630ರ ದಶಕದಲ್ಲಿ ಬೆಡ್‌ಫರ್ಡ್‌ನ ಅರ್ಲ್ ಮತ್ತು ಅವನೊಂದಿಗೆ ಬಂಡವಾಳ ಹೂಡಿದವರು ಡಚ್ ಎಂಜಿನಿಯರ್ ಕಾರ್ನೆಲಿಯಸ್ ವರ್ಮೂಯ್ಡನ್‌ನ ಮಾರ್ಗದರ್ಶನದಲ್ಲಿ ಈ ನೀರನ್ನು ಕಡಲಿಗೆ ಹರಿಸುವ ಕಾರ್ಯ ಕೈಗೊಂಡರು. ಡೊಂಕಾಗಿ ಹರಿಯುತ್ತಿದ್ದ ಊಸ್ ನದಿಯ ನೀರಿಗೆ ಸುಮಾರು 34 ಕಿಲೋಮೀಟರ್ ಉದ್ದದ ನೇರ ಕಾಲುವೆಯನ್ನು 1637ರ ಹೊತ್ತಿಗೆ ತೋಡಲಾಯಿತು. ಜೌಗಿನ ಮೀನುಗಾರಿಕೆ ಮತ್ತು ಗೋಮಾಳದ ಹಕ್ಕು ಕಳೆದುಕೊಂಡವರು ಪ್ರತಿಭಟಿಸಿ ಒಡ್ಡುಗಳನ್ನು ಒಡೆದದ್ದೂ ಉಂಟು. ಆದರೂ ನೀರು ಇಳಿಯಿತು, ಉಳುಮೆ ಆರಂಭವಾಯಿತು.

ಅನಿರೀಕ್ಷಿತವಾದ ಪರಿಣಾಮ ಕೆಲವೇ ದಶಕಗಳಲ್ಲಿ ಕಾಣಿಸಿಕೊಂಡಿತು. ನೀರು ಬಸಿದ ಹೊಲಗಳು ಕುಸಿಯತೊಡಗಿ, ನೀರನ್ನು ಹೊರಗೆ ಒಯ್ಯಬೇಕಾದ ಕಾಲುವೆಗಳೇ ಹೊಲಗಳಿಗಿಂತ ಎತ್ತರದಲ್ಲಿ ಉಳಿದವು. ಇಳಿಜಾರಿನಲ್ಲಿ ತಾನಾಗಿ ಹರಿಯುತ್ತಿದ್ದ ನೀರನ್ನು ಮೇಲಕ್ಕೆತ್ತಿ ಹಾಕಬೇಕಾಯಿತು. ಅದಕ್ಕಾಗಿ ಗಾಳಿಯಂತ್ರಗಳು ಬಂದವು. ನೆಲ ಮತ್ತಷ್ಟು ಇಳಿದಾಗ 19ನೆಯ ಶತಮಾನದಲ್ಲಿ ಉಗಿಯಂತ್ರಗಳು, 20ನೆಯ ಶತಮಾನದಲ್ಲಿ ಡೀಸೆಲ್ ಮತ್ತು ವಿದ್ಯುತ್ ಪಂಪುಗಳು ಬಂದವು. ಪ್ರತಿಯೊಂದು ಹೊಸ ಯಂತ್ರವೂ ನೀರನ್ನು ಇನ್ನಷ್ಟು ಆಳಕ್ಕೆ ಇಳಿಸಿತು, ನೆಲವೂ ಅದರ ಹಿಂದೆಯೇ ಇಳಿಯಿತು. ಇಂದು ಅಲ್ಲಿನ ಅನೇಕ ಕಡೆ ಒಡ್ಡುಗಳ ನಡುವೆ ಹರಿಯುವ ನದಿಯ ನೀರಿನ ಮಟ್ಟ ಅಕ್ಕಪಕ್ಕದ ಹೊಲಗಳಿಗಿಂತ ಮೇಲಿದೆ. ಹೊಲದಲ್ಲಿ ಬಿದ್ದ ಮಳೆನೀರನ್ನು ಪಂಪಿನಿಂದ ಎತ್ತಿ ನದಿಗೆ ಸುರಿಯಬೇಕಾಗಿದೆ.

ಈ ಇಳಿಕೆಗೆ ಒಂದು ಖಚಿತವಾದ ಅಳತೆಗೋಲು ಲಭ್ಯವಿದೆ. ಹೋಮ್ ಫೆನ್ ಎಂಬಲ್ಲಿ ವಿಟಲ್‌ಸೀ ಮೇರ್ ಎಂಬ ದೊಡ್ಡ ಸರೋವರವನ್ನು 1851ರಲ್ಲಿ ಪಂಪ್ ಮಾಡಿ ಬರಿದು ಮಾಡಲಾಯಿತು. ಆಗ ಪೀಟ್ ಪದರದ ಕೆಳಗಿನ ಜೇಡಿಮಣ್ಣಿನವರೆಗೆ ಒಂದು ಎರಕದ ಕಬ್ಬಿಣದ ಕಂಬವನ್ನು ಇಳಿಸಿ, ಅದರ ತುದಿ ನೆಲದ ಮಟ್ಟಕ್ಕೆ ಸರಿಯಾಗಿರುವಂತೆ ನೆಡಲಾಯಿತು. ಇಂದು ಆ ಕಂಬ ನೆಲದಿಂದ ಸುಮಾರು 4 ಮೀಟರ್ ಮೇಲೆ ನಿಂತಿದೆ. ಕಂಬ ಮೇಲೇರಿಲ್ಲ, ಸುತ್ತಲಿನ ನೆಲ ಅಷ್ಟು ಕೆಳಗಿಳಿದಿದೆ. ಆ ಸ್ಥಳ ಈಗ ಸಮುದ್ರ ಮಟ್ಟಕ್ಕಿಂತ ಸುಮಾರು 2.75 ಮೀಟರ್ ಕೆಳಗಿದ್ದು, ಬ್ರಿಟನ್ನಿನ ಅತ್ಯಂತ ತಗ್ಗಿನ ನೆಲವೆಂದು ಪರಿಗಣಿತವಾಗಿದೆ.

ನೆಲ ಇಳಿಯುವುದೇಕೆ?

ನೆಲದ ಇಳಿಕೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಕುಗ್ಗುವಿಕೆ. ಸ್ಪಂಜಿನಲ್ಲಿದ್ದ ನೀರು ಹೊರಟುಹೋದಾಗ ಅದು ಮುದುಡಿಕೊಳ್ಳುವಂತೆ ಪೀಟ್ ತನ್ನ ಭಾರಕ್ಕೆ ತಾನೇ ಅದುಮಿಕೊಳ್ಳುತ್ತದೆ. ಈ ಹಂತ ವೇಗವಾದದ್ದು, ಆರಂಭದ ವರ್ಷಗಳಲ್ಲಿಯೇ ಹೆಚ್ಚಾಗಿ ನಡೆಯುವಂತಹದು.

ಎರಡನೆಯದು ಉತ್ಕರ್ಷಣ. ನೀರು ಬಿಟ್ಟುಹೋದ ರಂಧ್ರಗಳಿಗೆ ಗಾಳಿ ನುಗ್ಗುತ್ತದೆ. ಸಾವಿರಾರು ವರ್ಷ ಆಮ್ಲಜನಕವಿಲ್ಲದೆ ಉಳಿದಿದ್ದ ಸಸ್ಯಾಂಶವನ್ನು ಸೂಕ್ಷ್ಮಾಣುಜೀವಿಗಳು ಕೊಳೆಸತೊಡಗುತ್ತವೆ. ಅದರಲ್ಲಿನ ಇಂಗಾಲವು ಇಂಗಾಲದ ಡೈಆಕ್ಸೈಡ್ ಆಗಿ ವಾತಾವರಣ ಸೇರುತ್ತದೆ. ಬೆಂಕಿಯಲ್ಲಿ ಕಟ್ಟಿಗೆ ಉರಿದಾಗ ಆಗುವುದೂ ಇದೇ; ಇಲ್ಲಿ ಹೊಗೆಯಿಲ್ಲ, ಜ್ವಾಲೆಯಿಲ್ಲ, ವೇಗ ಮಾತ್ರ ಕಡಿಮೆ. ಕುಗ್ಗುವಿಕೆ ಒಂದು ಹಂತದಲ್ಲಿ ನಿಧಾನವಾಗುತ್ತದೆ. ಉತ್ಕರ್ಷಣವಾದರೋ ನೀರಿನ ಮಟ್ಟ ಕೆಳಗಿರುವವರೆಗೆ, ಪೀಟ್ ಉಳಿದಿರುವವರೆಗೆ ನಿಲ್ಲುವುದಿಲ್ಲ. ಇವೆರಡರ ಜೊತೆಗೆ ವಸಂತಕಾಲದಲ್ಲಿ ಬೆಳೆಯಿಲ್ಲದ ಹೊಲಗಳಿಂದ ಒಣ ಪೀಟ್ ಧೂಳನ್ನು ಗಾಳಿ ಹೊತ್ತೊಯ್ಯುವುದೂ ಅಲ್ಲಿ ಸಾಮಾನ್ಯ.

ಒಂದು ಸರಳ ಲೆಕ್ಕದಿಂದ ಇದನ್ನು ಅರಿಯಬಹುದು. 1 ಹೆಕ್ಟೇರ್ ಹೊಲದಲ್ಲಿ 1 ಸೆಂಟಿಮೀಟರ್ ದಪ್ಪದ ಪದರವೆಂದರೆ 100 ಘನ ಮೀಟರ್ ಮಣ್ಣು. ಉಳುಮೆಯಾದ ಪೀಟ್‌ನ ಒಣ ತೂಕವನ್ನು ಘನ ಮೀಟರಿಗೆ 200 ಕಿಲೋಗ್ರಾಂ ಎಂದು ಹಿಡಿದರೆ 20 ಟನ್. ಅದರ ಅರ್ಧ, ಅಂದರೆ 10 ಟನ್, ಇಂಗಾಲ. 1 ಟನ್ ಇಂಗಾಲವು ಗಾಳಿ ಸೇರಿದಾಗ 3.67 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆದ್ದರಿಂದ ಕೊಳೆತು ಹೋಗುವ ಪ್ರತಿ 1 ಸೆಂಟಿಮೀಟರ್ ಪದರದಿಂದ ಹೆಕ್ಟೇರಿಗೆ ಸುಮಾರು 37 ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹತ್ತು ವರ್ಷಗಳ ಪ್ರಕೃತಿಯ ಉಳಿತಾಯ ಆ ಒಂದು ಸೆಂಟಿಮೀಟರಿನಲ್ಲಿ ಖರ್ಚಾಗುತ್ತದೆ. ಜಗತ್ತಿನಾದ್ಯಂತ ನೀರು ಬಸಿದ ಪೀಟ್ ಭೂಮಿಗಳಿಂದ ಹೊರಬರುವ ಹಸಿರುಮನೆ ಅನಿಲಗಳು ಮಾನವ ಚಟುವಟಿಕೆಗಳ ಒಟ್ಟು ಹೊರಸೂಸುವಿಕೆಯಲ್ಲಿ ಸುಮಾರು ಶೇ. 5ರಷ್ಟಿರುವುದು ಇದೇ ಕಾರಣದಿಂದ.

ನೀರಿನ ಮಟ್ಟ ಎಷ್ಟಿರಬೇಕು?

ನೀರು ಬಸಿಯುವುದನ್ನು ಪೂರ್ಣವಾಗಿ ನಿಲ್ಲಿಸಿಬಿಡಬೇಕೆಂಬ ಉತ್ತರ ಸುಲಭವಾಗಿ ಕಂಡರೂ ವಾಸ್ತವ ಅಷ್ಟು ಸರಳವಲ್ಲ. ಇಂಗ್ಲೆಂಡಿನ ಪ್ರಥಮ ದರ್ಜೆಯ ಕೃಷಿ ಭೂಮಿಯಲ್ಲಿ ಸುಮಾರು ಅರ್ಧದಷ್ಟು ಫೆನ್ಸ್‌ನಲ್ಲಿದೆ. ಆಲೂಗಡ್ಡೆ, ಸಕ್ಕರೆ ಬೀಟ್, ಈರುಳ್ಳಿ, ಸೆಲರಿ, ಲೆಟಿಸ್ ಮುಂತಾದವು ಅಲ್ಲಿಂದ ಮಾರುಕಟ್ಟೆಗೆ ಬರುತ್ತವೆ. ಸಾವಿರಾರು ಕುಟುಂಬಗಳ ಜೀವನೋಪಾಯ, ಸಾಲ, ಯಂತ್ರೋಪಕರಣ, ಶೀತಲಗೃಹ ಎಲ್ಲವೂ ಆ ಬೆಳೆಗಳನ್ನೇ ಅವಲಂಬಿಸಿವೆ.

ಇಷ್ಟಲ್ಲದೆ, ನೀರು ಮೇಲ್ಮೈಯ ಮೇಲೆಯೇ ನಿಂತುಬಿಟ್ಟರೆ ಆಮ್ಲಜನಕವಿಲ್ಲದ ಸ್ಥಿತಿಯಲ್ಲಿ ಬದುಕುವ ಸೂಕ್ಷ್ಮಾಣುಜೀವಿಗಳಿಂದ ಮೀಥೇನ್ ಅನಿಲ ಹೆಚ್ಚುತ್ತದೆ. ಭತ್ತದ ಗದ್ದೆಗಳಲ್ಲಿಯೂ ಇದೇ ಕ್ರಿಯೆ ನಡೆಯುತ್ತದೆ. ಆದುದರಿಂದ ತೀರಾ ಆಳವೂ ಅಲ್ಲದ, ಮುಳುಗಡೆಯೂ ಅಲ್ಲದ ನಡುವಿನ ಮಟ್ಟವನ್ನು ಹುಡುಕಬೇಕಾಗುತ್ತದೆ.

ಬ್ರಿಟನ್ ಹಾಗೂ ಇತರ ದೇಶಗಳ ಪೀಟ್ ಭೂಮಿಗಳ ಅಳತೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಬಗ್ಗೆ ಉಪಯುಕ್ತ ಸೂತ್ರ ನೀಡಿದೆ. ಆಳಕ್ಕೆ ಇಳಿಸಿದ ನೀರಿನ ಮಟ್ಟವನ್ನು ಪ್ರತಿ 10 ಸೆಂಟಿಮೀಟರ್ ಮೇಲೆತ್ತಿದರೆ ವರ್ಷಕ್ಕೆ ಹೆಕ್ಟೇರಿಗೆ ಕನಿಷ್ಠ 3 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರಸೂಸುವಿಕೆ ತಗ್ಗುತ್ತದೆ. ನೀರು ಮೇಲ್ಮೈಯಿಂದ 30 ಸೆಂಟಿಮೀಟರ್ ಆಳಕ್ಕೆ ಬರುವವರೆಗೆ ಈ ಲೆಕ್ಕ ಅನ್ವಯಿಸುತ್ತದೆ. ಅಲ್ಲಿಂದ ಮೇಲೆಯೂ ಸುಮಾರು 10 ಸೆಂಟಿಮೀಟರ್ ಆಳದವರೆಗೆ ಲಾಭವಿದೆ. ಅದಕ್ಕೂ ಮೇಲೇರಿದರೆ ಮೀಥೇನ್ ಆ ಲಾಭವನ್ನು ನುಂಗತೊಡಗುತ್ತದೆ. 1 ಮೀಟರ್ ಆಳದಲ್ಲಿರುವ ನೀರನ್ನು ಅರ್ಧ ಮೀಟರಿಗೆ ತಂದರೆ ಬೇಸಾಯ ನಿಲ್ಲಿಸದೆಯೇ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 15 ಟನ್ ಉಳಿತಾಯವಾಗುತ್ತದೆ. ಪೂರ್ಣ ಪರಿಹಾರ ಸಾಧ್ಯವಿಲ್ಲದ ಕಡೆಯೂ ಭಾಗಶಃ ಪರಿಹಾರಕ್ಕೆ ಬೆಲೆಯಿದೆ ಎಂಬುದನ್ನು ಇದು ತೋರಿಸುತ್ತದೆ.

ಈ ತತ್ವದ ಆಧಾರದ ಮೇಲೆ ತಗ್ಗು ಪ್ರದೇಶದ ಪೀಟ್ ಕೃಷಿಯಲ್ಲಿ ಕೆಳಕಂಡ ಕ್ರಮಗಳು ಬಳಕೆಗೆ ಅಥವಾ ಪ್ರಯೋಗಕ್ಕೆ ಬಂದಿವೆ:

1. ಬೆಳೆಯ ಬೇರು ಸಹಿಸಬಲ್ಲಷ್ಟು ಎತ್ತರಕ್ಕೆ ನೀರನ್ನು ಕಾಲುವೆಯ ಹಲಗೆ, ತೂಬುಗಳ ಮೂಲಕ ಹಿಡಿದಿಡುವುದು. ಹೊಲ ಖಾಲಿಯಿರುವ ತಿಂಗಳುಗಳಲ್ಲಿ ಇನ್ನಷ್ಟು ಮೇಲಕ್ಕೆ ತರುವುದು.

2. ಚಳಿಗಾಲದಲ್ಲಿ ಕಡಲಿಗೆ ಪಂಪ್ ಮಾಡುತ್ತಿದ್ದ ನೀರನ್ನು ಸಂಗ್ರಹಾಗಾರಗಳಲ್ಲಿ ಉಳಿಸಿಕೊಂಡು ಬೇಸಿಗೆಯಲ್ಲಿ ನೆಲದಡಿಯ ಕೊಳವೆಗಳ ಮೂಲಕ ಮತ್ತೆ ಮಣ್ಣಿಗೆ ಉಣಿಸುವುದು.

3. ಹೊಲವನ್ನು ಬರಿದಾಗಿ ಬಿಡದೆ ಹೊದಿಕೆ ಬೆಳೆ ಹಾಗೂ ಗಾಳಿ ತಡೆಯುವ ಗಿಡಸಾಲುಗಳನ್ನು ಬೆಳೆಸುವುದು.

4. ಪೀಟ್ ಪದರ ಹೆಚ್ಚು ದಪ್ಪವಿರುವ, ಅತ್ಯಂತ ತಗ್ಗಿನ ಭಾಗಗಳನ್ನು ಗುರುತಿಸಿ ಅಲ್ಲಿ ಜೊಂಡು, ಆಪು, ಪಾಚಿಯಂತಹ ನೀರು ಬೇಡುವ ಬೆಳೆಗಳನ್ನು ಬೆಳೆಯುವುದು. ಇವುಗಳಿಂದ ಮನೆ ಹೊದಿಕೆ, ಶಾಖನಿರೋಧಕ ಹಲಗೆ, ಸಸ್ಯಪಾಲನೆಯ ಮಾಧ್ಯಮ ಮುಂತಾದವನ್ನು ತಯಾರಿಸಲಾಗುತ್ತದೆ. ಮಾರುಕಟ್ಟೆ ಇನ್ನೂ ಚಿಕ್ಕದು.

5. ಆಯ್ದ ಭಾಗವನ್ನು ಮತ್ತೆ ಜೌಗಾಗಿಸುವುದು. ಹೋಮ್ ಫೆನ್ ಮತ್ತು ವುಡ್‌ವಾಲ್ಟನ್ ಫೆನ್ ಎಂಬ ಎರಡು ಸಂರಕ್ಷಿತ ತಾಣಗಳ ನಡುವಿನ ಭೂಮಿಯನ್ನು ಸೇರಿಸಿ ಸುಮಾರು 3,700 ಹೆಕ್ಟೇರ್ ಪ್ರದೇಶದಲ್ಲಿ ಗ್ರೇಟ್ ಫೆನ್ ಯೋಜನೆ ನಡೆದಿದೆ.

ತೀರ್ಮಾನ ಯಾರದು?

ಒಬ್ಬ ರೈತ ತನ್ನ ಹೊಲದ ನೀರನ್ನು ಮಾತ್ರ ಮೇಲೆತ್ತಲಾರ. ನೀರಿಗೆ ಸರ್ವೆ ನಂಬರಿನ ಗಡಿ ಗೊತ್ತಿಲ್ಲ. ಒಬ್ಬನ ಹೊಲ ನೆನೆದರೆ ಪಕ್ಕದವನ ಆಲೂಗಡ್ಡೆ ಕೊಳೆಯುತ್ತದೆ. ಮೇಲಿನವನು ಬೇಗ ಹರಿಸಿದರೆ ಕೆಳಗಿನವನ ಮನೆಗೆ ನೀರು ನುಗ್ಗುತ್ತದೆ. ಆದುದರಿಂದ ಈ ತೀರ್ಮಾನ ಸಾಮೂಹಿಕವಾಗಿಯೇ ಆಗಬೇಕು.

ಇಂಗ್ಲೆಂಡಿನಲ್ಲಿ ಈ ಹೊಣೆಯನ್ನು ಆಂತರಿಕ ಬಸಿಗಾಲುವೆ ಮಂಡಳಿಗಳು ಹೊತ್ತಿವೆ. ಇಂತಹ 100ಕ್ಕೂ ಹೆಚ್ಚು ಮಂಡಳಿಗಳಿದ್ದು, ಇವುಗಳ ಕೆಲವು ಸದಸ್ಯರನ್ನು ಬಸಿಗಾಲುವೆ ಕರ ಪಾವತಿಸುವ ಭೂಹಿಡುವಳಿದಾರರು ಚುನಾಯಿಸುತ್ತಾರೆ. ಉಳಿದವರನ್ನು ಸ್ಥಳೀಯ ಆಡಳಿತ ಸಂಸ್ಥೆಗಳು ನೇಮಿಸುತ್ತವೆ. ಪಂಪುಮನೆ ನಡೆಸುವುದು, ಕಾಲುವೆಯ ಕಳೆ ತೆಗೆಸುವುದು, ಕರ ಸಂಗ್ರಹಿಸುವುದು ಇವುಗಳ ಕೆಲಸ. ಮಳೆನೀರನ್ನು ಎಷ್ಟು ಬೇಗ ಹೊರಹಾಕಲಾಯಿತೆಂಬುದೇ ದೀರ್ಘಕಾಲ ಇವುಗಳ ಯಶಸ್ಸಿನ ಅಳತೆಯಾಗಿತ್ತು. ಅದೇ ಮಂಡಳಿಗಳು ಈಗ ನೀರನ್ನು ಹಿಡಿದಿಡುವ ಬಗ್ಗೆಯೂ ಯೋಚಿಸಬೇಕಾಗಿ ಬಂದಿದೆ.

ನೆದರ್ಲೆಂಡ್ಸ್‌ನಲ್ಲಿ ಈ ಪದ್ಧತಿ ಇನ್ನೂ ಹಳೆಯದು. ಅಲ್ಲಿನ ಜಲಮಂಡಳಿಗಳ ಮೂಲ 13ನೆಯ ಶತಮಾನದಷ್ಟು ಹಿಂದಿನದು. ಈಗ 21 ಜಲಮಂಡಳಿಗಳಿದ್ದು, ನಾಲ್ಕು ವರ್ಷಗಳಿಗೊಮ್ಮೆ ಚುನಾವಣೆ ನಡೆಯುತ್ತದೆ. ಪ್ರತಿ ಪ್ರದೇಶದ ಕಾಲುವೆಯಲ್ಲಿ ನೀರು ಎಷ್ಟು ಮಟ್ಟದಲ್ಲಿರಬೇಕೆಂಬುದನ್ನು ಮಂಡಳಿ ಅಧಿಕೃತ ನಿರ್ಣಯದ ಮೂಲಕ ಗೊತ್ತುಪಡಿಸುತ್ತದೆ. ನಾಗರಿಕರು ಆಕ್ಷೇಪಣೆ ಸಲ್ಲಿಸಬಹುದು. ಹೈನುಗಾರಿಕೆಯ ಹುಲ್ಲುಗಾವಲುಗಳಿಗಾಗಿ ನೀರನ್ನು ಇಳಿಸುತ್ತ ಬಂದುದರ ಫಲವಾಗಿ ನೆಲ ಕುಸಿದು, ಪಟ್ಟಣಗಳಲ್ಲಿ ಮರದ ಗೂಟಗಳ ಮೇಲೆ ನಿಂತ ಹಳೆಯ ಮನೆಗಳ ಅಡಿಪಾಯಕ್ಕೂ ಹಾನಿಯಾಗಿದೆ. ಜನ ಬಯಸಿದ ಬಳಕೆಗೆ ತಕ್ಕಂತೆ ನೀರನ್ನು ಇಳಿಸುವ ಬದಲು, ನೀರು ಮತ್ತು ಮಣ್ಣಿನ ಸ್ವಭಾವಕ್ಕೆ ತಕ್ಕಂತೆ ಭೂಮಿಯ ಬಳಕೆಯನ್ನು ರೂಪಿಸಬೇಕೆಂಬ ಧೋರಣೆಯನ್ನು ಅಲ್ಲಿನ ಸರ್ಕಾರ 2022ರಲ್ಲಿ ಪ್ರಕಟಿಸಿತು.

ಕುಟ್ಟನಾಡಿನ ಕರಿ ನೆಲ

ಭಾರತದಲ್ಲಿ ಈ ವಿಷಯಕ್ಕೆ ಹತ್ತಿರದ ಉದಾಹರಣೆ ಕೇರಳದ ಕುಟ್ಟನಾಡು. ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಈ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. ಅಲ್ಲಿನ ಒಂದು ಭಾಗದ ಮಣ್ಣಿಗೆ 'ಕರಿ' ಎಂದು ಹೆಸರು. ಹೆಸರಿಗೆ ತಕ್ಕಂತೆ ಕಪ್ಪು ಬಣ್ಣ, ಅಧಿಕ ಸಾವಯವ ಅಂಶ, ಅಲ್ಲಲ್ಲಿ ಹೂತುಹೋದ ಅರೆ ಕೊಳೆತ ಮರದ ತುಂಡುಗಳು ಇದರ ಲಕ್ಷಣ.

ಈ ಮಣ್ಣಿನಲ್ಲಿ ಗಂಧಕದ ಸಂಯುಕ್ತಗಳೂ ಇರುವುದರಿಂದ ಅಪಾಯ ಇಮ್ಮಡಿಯಾಗುತ್ತದೆ. ನೀರಿನಡಿಯಲ್ಲಿರುವಾಗ ಅವು ನಿರುಪದ್ರವಿ. ನೆಲ ಒಣಗಿ ಗಾಳಿ ತಾಗಿದೊಡನೆ ಅವು ಗಂಧಕಾಮ್ಲವಾಗಿ ಮಾರ್ಪಟ್ಟು ಬೆಳೆಯ ಬೇರನ್ನು ಸುಡುತ್ತವೆ. ಆದುದರಿಂದ ಅಲ್ಲಿನ ರೈತರು ಗದ್ದೆಗೆ ನೀರು ಹಾಯಿಸಿ ಆಮ್ಲವನ್ನು ತೊಳೆಯುತ್ತಾರೆ, ಸುಣ್ಣ ಹಾಕುತ್ತಾರೆ. ನೀರೆತ್ತುವ ಕೆಲಸ ವ್ಯಕ್ತಿಗತವಲ್ಲ. 'ಪಾಡಶೇಖರ' ಎಂಬ ಗದ್ದೆಬಯಲಿನ ರೈತರೆಲ್ಲರೂ ಸಮಿತಿಯಾಗಿ ಸೇರಿ ಒಡ್ಡು ಮತ್ತು ಪಂಪನ್ನು ನಿರ್ವಹಿಸುತ್ತಾರೆ. 2008ರ ಕೇರಳ ಭತ್ತದ ಭೂಮಿ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆಯಡಿ ರಚಿತವಾಗುವ ಸ್ಥಳೀಯ ಉಸ್ತುವಾರಿ ಸಮಿತಿಗೆ ಗ್ರಾಮ ಪಂಚಾಯಿತಿ ಅಧ್ಯಕ್ಷರೇ ಅಧ್ಯಕ್ಷರು. ಗದ್ದೆ ತುಂಬಿಸುವ ಕೋರಿಕೆಯ ಪರಿಶೀಲನೆ ಪಂಚಾಯಿತಿ ಮಟ್ಟದಲ್ಲಿಯೇ ಆರಂಭವಾಗುತ್ತದೆ.

ನಮ್ಮ ಗ್ರಾಮಗಳಿಗೆ ಅನ್ವಯಿಸುವ ಅಂಶಗಳು

ಕರ್ನಾಟಕದಲ್ಲಿ ಫೆನ್ಸ್‌ನಂತಹ ವಿಸ್ತಾರವಾದ ಪೀಟ್ ಕೃಷಿ ಭೂಮಿ ಇಲ್ಲ. ಅಲ್ಲಿನ ಅಂಕಿಗಳನ್ನು ಇಲ್ಲಿಗೆ ಯಥಾವತ್ತಾಗಿ ಅನ್ವಯಿಸುವಂತಿಲ್ಲ. ಆದರೆ ನೀರು ನಿಂತ ಕಾರಣದಿಂದಲೇ ಸಾವಯವ ಅಂಶ ಉಳಿದಿರುವ ತಗ್ಗು ನೆಲಗಳು ನಮ್ಮಲ್ಲಿಯೂ ಇವೆ. ಕರಾವಳಿಯ ಅಳಿವೆಗಳ ಗಜನಿ ಭೂಮಿ, ಮಲೆನಾಡಿನ ಕಣಿವೆ ಗದ್ದೆಗಳು, ಸಿದ್ಧಾಪುರ ತಾಲ್ಲೂಕಿನ ಕತ್ತಲೆಕಾನಿನಂತಹ ರಾಮಪತ್ರೆ ಜಡ್ಡಿಗಳು, ಕೆರೆಯಂಗಳಗಳು ಈ ವರ್ಗಕ್ಕೆ ಸೇರುತ್ತವೆ. ಗದ್ದೆಯನ್ನು ಅಡಿಕೆ ತೋಟವಾಗಿಸಲು ಆಳವಾದ ಬಸಿಗಾಲುವೆ ತೋಡುವಾಗ, ಜಡ್ಡಿಯ ನೀರನ್ನು ಹರಿಯಬಿಡುವಾಗ ನಡೆಯುವ ರಾಸಾಯನಿಕ ಕ್ರಿಯೆ ಫೆನ್ಸ್‌ನಲ್ಲಿ ನಡೆದುದೇ. ಪ್ರಮಾಣ ಮಾತ್ರ ಬೇರೆ.

ಸಂವಿಧಾನದ 11ನೆಯ ಅನುಸೂಚಿಯಲ್ಲಿ ಮಣ್ಣಿನ ಸಂರಕ್ಷಣೆಯೂ, ಸಣ್ಣ ನೀರಾವರಿ, ನೀರಿನ ನಿರ್ವಹಣೆ ಮತ್ತು ಜಲಾನಯನ ಅಭಿವೃದ್ಧಿಯೂ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಾಗಿವೆ. ಕ್ರಿಯಾಯೋಜನೆ ತಯಾರಿಸುವಾಗ ಮಾನ್ಯ ಸದಸ್ಯರು ಕೆಳಕಂಡ ಅಂಶಗಳನ್ನು ಪರಿಗಣಿಸುವುದು ಸೂಕ್ತ:

1. ಬಸಿಗಾಲುವೆ ಅಥವಾ ಹಳ್ಳ ಆಳಗೊಳಿಸುವ ಕಾಮಗಾರಿಯ ಪ್ರಸ್ತಾವ ಬಂದಾಗ ಅದರ ಉದ್ದ ಮತ್ತು ಅಂದಾಜು ವೆಚ್ಚದ ಜೊತೆಗೆ, ಬೇಸಿಗೆಯಲ್ಲಿ ಅಕ್ಕಪಕ್ಕದ ಗದ್ದೆ ಹಾಗೂ ಬಾವಿಗಳ ನೀರಿನ ಮಟ್ಟ ಎಷ್ಟು ಇಳಿಯಬಹುದೆಂಬುದನ್ನೂ ಕೇಳಬೇಕು.

2. ಹೊಸ ಕಾಲುವೆಗಳಲ್ಲಿ ಹಲಗೆ ಇಳಿಸಿ ನೀರನ್ನು ಬೇಕಾದ ಮಟ್ಟದಲ್ಲಿ ತಡೆಹಿಡಿಯುವ ವ್ಯವಸ್ಥೆಯನ್ನು ಆರಂಭದಲ್ಲಿಯೇ ಸೇರಿಸಬೇಕು. ನೀರನ್ನು ಹೊರಬಿಡಬಲ್ಲ ಕಾಲುವೆಗೆ ನೀರನ್ನು ಹಿಡಿಯುವ ಶಕ್ತಿಯೂ ಇರಬೇಕು.

3. ಹಿಂದೆ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿಯಂತೆ, ಗಜನಿಯ ಬಾಗಿಲು ಹಾಗೂ ಗದ್ದೆಬಯಲಿನ ಕಟ್ಟುಗಳಿಗೆ ಬಳಕೆದಾರರ ಸಮಿತಿಯಿಂದ ಜವಾಬ್ದಾರರೊಬ್ಬರನ್ನು ಗೊತ್ತುಪಡಿಸಬೇಕು. ತೆರೆಯುವ, ಮುಚ್ಚುವ ದಿನಗಳನ್ನು ಬರೆದಿಡಬೇಕು.

4. ಗ್ರಾಮದ ತಗ್ಗು ಪ್ರದೇಶದ ಮಣ್ಣು ಆರೋಗ್ಯ ಕಾರ್ಡುಗಳಲ್ಲಿ ಸಾವಯವ ಇಂಗಾಲ ಹಾಗೂ ಆಮ್ಲೀಯತೆಯ ಅಂಕಿಗಳನ್ನು ಹಿಂದಿನ ಪರೀಕ್ಷೆಯೊಂದಿಗೆ ಹೋಲಿಸಿ ಗ್ರಾಮ ಸಭೆಯಲ್ಲಿ ಮಂಡಿಸಬೇಕು. ಇಳಿಕೆ ಕಂಡಲ್ಲಿ ಕೃಷಿ ಇಲಾಖೆಯ ಸಲಹೆ ಪಡೆಯಬೇಕು.

5. ಜಡ್ಡಿ ಮತ್ತು ಕೆರೆಯಂಗಳಗಳನ್ನು ಪಾಳು ಭೂಮಿಯೆಂದು ಪರಿಗಣಿಸಬಾರದು. ಕೆಳಗಿನ ತೋಟ, ಗದ್ದೆಗಳಿಗೆ ಬೇಸಿಗೆಯಲ್ಲಿ ನೀರುಣಿಸುವ ಒರತೆಗಳು ಅನೇಕ ಕಡೆ ಅಲ್ಲಿಂದಲೇ ಹೊರಡುತ್ತವೆ.

6. ನೀರಿನ ಮಟ್ಟ ಬದಲಾಯಿಸುವ ಯಾವುದೇ ನಿರ್ಣಯಕ್ಕೆ ಮುನ್ನ ಮೇಲಿನ, ಕೆಳಗಿನ ಎರಡೂ ಬದಿಯ ಹಿಡುವಳಿದಾರರ ಅಭಿಪ್ರಾಯವನ್ನು ನಡಾವಳಿಯಲ್ಲಿ ದಾಖಲಿಸಬೇಕು. ಬೆಳೆ ನಷ್ಟದ ಭಯವಿರುವವರ ಆಕ್ಷೇಪಣೆಗೆ ಉತ್ತರ ದೊರೆಯದೆ ಕೈಗೊಂಡ ನಿರ್ಣಯ ಬಹುಕಾಲ ಉಳಿಯಲಾರದು.

ಫೆನ್ಸ್‌ನ ರೈತರು ಅವಿವೇಕಿಗಳಾಗಿರಲಿಲ್ಲ. ಪ್ರತಿ ತಲೆಮಾರೂ ತನ್ನ ಕಾಲದ ಉತ್ತಮ ಯಂತ್ರವನ್ನು ಬಳಸಿ ತನ್ನ ಬೆಳೆಯನ್ನು ಉಳಿಸಿಕೊಂಡಿತು. ಪ್ರತಿ ವರ್ಷದ ತೀರ್ಮಾನವೂ ಆ ವರ್ಷದ ಮಟ್ಟಿಗೆ ಸರಿಯಾಗಿಯೇ ಇತ್ತು. ಒಂದು ವರ್ಷದಲ್ಲಿ ಕಣ್ಣಿಗೆ ಬೀಳದ ಸೆಂಟಿಮೀಟರ್ ಇಳಿಕೆಯನ್ನು ಲೆಕ್ಕಕ್ಕೆ ಹಿಡಿಯುವ ಪುಸ್ತಕ ಮಾತ್ರ ಯಾರ ಬಳಿಯೂ ಇರಲಿಲ್ಲ. ಆ ಲೆಕ್ಕವನ್ನು ಆರಂಭದಿಂದಲೇ ಇಟ್ಟುಕೊಳ್ಳುವ ಅವಕಾಶ ನಮ್ಮ ಗ್ರಾಮ ಪಂಚಾಯಿತಿಗಳಿಗೆ ಇನ್ನೂ ಇದೆ. ಅದಕ್ಕೆ ಬೇಕಾದುದು ತಗ್ಗು ನೆಲದ ಕೆಲವು ಬಾವಿಗಳಲ್ಲಿ ತಿಂಗಳಿಗೊಮ್ಮೆ ನೀರಿನ ಆಳದ ಅಳತೆ, ಕ್ರಮಬದ್ಧ ಮಣ್ಣು ಪರೀಕ್ಷೆ ಹಾಗೂ ಅವೆರಡನ್ನೂ ದಾಖಲಿಸುವ ಒಂದು ವಹಿ.